ಅತ್ತಿಗೆ, ಯುರೋಪು ಮತ್ತು ಒಂದು ಹೆಬ್ಬೆರಳು

ನಮ್ಮ ಅತ್ತಿಗೆ ಯುರೋಪಿನ ಏಳು ಊರುಗಳನ್ನು ನೋಡಿ ಬಂದಿದ್ದಾರೆ. ಆ ಏಳರಲ್ಲಿ ಒಂದರ ಹೆಸರೂ ಅವರಿಗೆ ಗೊತ್ತಿಲ್ಲ!

ನಂಬಿಕೆ ಬರದಿದ್ದರೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿರುವ ಅವರ ಅಂಗಡಿಗೆ ಹೋಗಿ ನೀವೇ ಕೇಳಿ. "ಆಂಟಿ, ಆಮ್‌ಸ್ಟರ್‌ಡ್ಯಾಮ್ ಹೇಗಿತ್ತು?" ಎಂದರೆ ಕಣ್ಣು ಕಿರಿದು ಮಾಡಿ ಯೋಚಿಸುತ್ತಾರೆ. "ಅದೇ, ಸೈಕಲ್ ತುಂಬಾ ಇರೋ ಊರು" ಎಂದು ಸುಳಿವು ಕೊಟ್ಟರೆ, "ಹಾಂ ಹಾಂ, ನನ್ನ ಮ್ಯಾಲೆ ಸೈಕಲ್ ಹಾಯಿಸಾಕ ಬಂದ ಊರು!" ಎಂದು ಮುಖ ಅರಳುತ್ತದೆ. ಪ್ಯಾರಿಸ್ ಅಂದರೆ ಲಿಫ್ಟ್ ಇಲ್ಲದ ಊರು. ಬ್ರಸೆಲ್ಸ್ ಅಂದರೆ ಅರಿವೆ ಒಣಗದ ಊರು. ವೆನಿಸ್ಸಿನ ಮೇಲೆ ಮಾತ್ರ ಅವರಿಗೆ ಇವತ್ತಿಗೂ ಸಿಟ್ಟು. "ಓಣಿ ಓಣಿಯೊಳಗ ನೀರ ನಿಂತೈತ್ರಿ! ಒಬ್ಬರರ ಹೋಗಿ ಕಾರ್ಪೊರೇಶನ್ನಿನವರಿಗೆ ಒಂದು ಅರ್ಜಿ ಕೊಡಬಾರದೇನು?"

ಅತ್ತಿಗೆ ಎಂದರೆ ನಮ್ಮ ಮನೆಯವರ ಅಕ್ಕ. ಹುಟ್ಟಿ ಬೆಳೆದದ್ದು ಧಾರವಾಡ, ನಾನು ಮೈಸೂರಿನವಳು. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಬೈಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ಎಂದು ತಿಳಿಯದೆ ನಾನು ಕಣ್ಣೀರು ಹಾಕಿದ್ದುಂಟು. ಈಗ ತಿಳಿಯುತ್ತದೆ. ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಸ್ಟಾಫರ್ಡ್‌ನಲ್ಲಿ ಅವರದು ಖಡಕ್ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ ಮಾರುವ ಸಣ್ಣ ಅಂಗಡಿ. ಅಲ್ಲಿ ಗಿರಾಕಿ ಕೇಳಿದ್ದನ್ನು ಕೊಡುವ ಪದ್ಧತಿ ಇಲ್ಲ! ಅತ್ತಿಗೆ ಮುಖ ನೋಡಿ ಕೊಡುತ್ತಾರೆ. "ನಿನಗ ಈ ಖಾರದ ಕೆಂಪಿಂಡಿ ಬ್ಯಾಡ ತಮ್ಮಾ, ಮಾರಿ ನೋಡಿದ್ರ ಹೊಟ್ಟಿ ಸರಿ ಇದ್ದಂಗಿಲ್ಲ. ಅಗಸಿ ಚಟ್ನಿ ಒಯ್ಯಿ." ಆ ಮನುಷ್ಯ ಮರುಮಾತಿಲ್ಲದೆ ಅಗಸಿ ಚಟ್ನಿ ಒಯ್ಯುತ್ತಾನೆ. ಮುಂದಿನ ವಾರ ಬಂದು, "ಹೊಟ್ಟೆ ಈಗ ಪರವಾಗಿಲ್ಲ ಆಂಟಿ" ಎಂದು ವರದಿಯನ್ನೂ ಒಪ್ಪಿಸುತ್ತಾನೆ.

ಇಂಥವರಿಗೆ ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪು ಸುತ್ತುವ ಹುಚ್ಚು ಯಾಕೆ ಹಿಡಿಯಿತು? ಅದಕ್ಕೆ ಒಂದು ಕಾರಣವಿದೆ. ಆ ಕಾರಣದ ಹೆಸರು ಅನು. ಅತ್ತಿಗೆಯ ಒಬ್ಬಳೇ ಮಗಳು, ಈಗ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾಳೆ.

ನಾಲ್ಕು ವರ್ಷದ ಹಿಂದೆ ಅನು ಕಾಲೇಜು ಮುಗಿಸಿ, ಗೆಳೆಯ ಗೆಳತಿಯರ ಜೊತೆ ಹೀಗೆಯೇ ಬೆನ್ನಿಗೆ ಚೀಲ ಏರಿಸಿಕೊಂಡು ಐದು ವಾರ ಯುರೋಪು ಸುತ್ತಿ ಬಂದಳು. ಬಂದ ಭಾನುವಾರವೇ ಸ್ಟಾಫರ್ಡ್ ಮನೆಯಲ್ಲಿ ಊಟ. ನಾವು ಡಾಲಸ್ ಪಕ್ಕದ ಅಲೆನ್‌ನಿಂದ ಹೋಗಿದ್ದೆವು, ಇನ್ನೂ ಎರಡು ಸಂಸಾರಗಳಿದ್ದವು. ಎಣಗಾಯಿ, ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅನು ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಫೋಟೋ ತೋರಿಸಲು ಶುರುಮಾಡಿದಳು. ಎಂಟುನೂರು ಫೋಟೋ ಇವೆಯೆಂದು ಮೊದಲೇ ಎಚ್ಚರಿಸಿದ್ದಳು. ಮೂರನೆಯ ಫೋಟೋದಲ್ಲಿ ಒಂದು ಕೋಣೆ, ಒಂದರ ಮೇಲೊಂದು ಮಂಚ, ಹಲ್ಲು ಕಿಸಿದು ಕೂತ ನಾಲ್ಕು ಹುಡುಗಿಯರು, ಇಬ್ಬರು ಹುಡುಗರು. ಅತ್ತಿಗೆ ಸೌಟು ಹಿಡಿದೇ ಟೀವಿಯ ಮುಂದೆ ಬಂದು ನಿಂತರು.

"ಏನವಾ, ಈ ಹುಡುಗೂರೂ ಅದ ಖೋಲ್ಯಾಗ ಮಲಗತಿದ್ರೇನು?"

"ಇಟ್ಸ್ ಎ ಹಾಸ್ಟೆಲ್, ಅಮ್ಮಾ" ಎಂದಳು ಅನು.

"ಹಾಸ್ಟೆಲ್‌ದಾಗ ನಾವೂ ಇದ್ವಿ. ನಮ್ಮ ಹಾಸ್ಟೆಲ್ಲಿನ ಬಾಗಲಾ ದಾಟಿ ಗಂಡು ಬೆಕ್ಕೂ ಒಳಗ ಬರತಿರಲಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಅನು ಮಾತ್ರ ನಗಲಿಲ್ಲ. ಮೆಲ್ಲಗೆ ಕೇಬಲ್ ಕಿತ್ತಳು. ಟೀವಿ ನೀಲಿಯಾಯಿತು. ಉಳಿದ ಏಳುನೂರ ತೊಂಬತ್ತೇಳು ಫೋಟೋಗಳನ್ನು ಯಾರೂ ನೋಡಲಿಲ್ಲ.

ಅದಾದ ಮೇಲೆ ಅವಳು ಅಮ್ಮನೊಡನೆ ಜಗಳವಾಡಿದಳೆಂದು ತಿಳಿಯಬೇಡಿ. ಜಗಳವಾದರೂ ಆಡಿದ್ದರೆ ಅತ್ತಿಗೆಗೆ ಸಮಾಧಾನವಿರುತ್ತಿತ್ತು. ಜಗಳ ಅವರಿಗೆ ಬರುವ ವಿದ್ಯೆ. ಹಬ್ಬಕ್ಕೆ ಬರುತ್ತಿದ್ದಳು, ಉಣ್ಣುತ್ತಿದ್ದಳು, "ಥ್ಯಾಂಕ್ಸ್ ಅಮ್ಮಾ" ಎಂದು ಕಾರು ಹತ್ತುತ್ತಿದ್ದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅನುವಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಅತ್ತಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಒಂದೊಂದೂ ನಾಲ್ಕು ನಿಮಿಷದ್ದು. ಉತ್ತರವಾಗಿ ಬರುತ್ತಿದ್ದುದು ಒಂದು ಹೆಬ್ಬೆರಳು. ಹಳದಿ ಹೆಬ್ಬೆರಳು. ಅಷ್ಟೇ.

"ನಾಕು ನಿಮಿಷ ಮಾತಾಡಿದ್ರ ಒಂದು ಬೆರಳು ತೋರಸ್ತಾಳ" ಎಂದು ಅತ್ತಿಗೆ ನನ್ನ ಮುಂದೆ ಒಮ್ಮೆ ಹೇಳಿದ್ದರು. ನಗುತ್ತಲೇ ಹೇಳಿದ್ದರು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಶನಿವಾರ ಅವರೊಬ್ಬರೇ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಅಲೆನ್‌ಗೆ ಬಂದರು. ಕೂತವರೇ, "ನಾ ಯುರೋಪಿಗೆ ಹೊಂಟೀನಿ" ಎಂದರು. "ಬೆನ್ನಿಗೆ ಚೀಲಾ ಹಾಕ್ಕೊಂಡು, ಹಾಸ್ಟೆಲ್‌ದಾಗ ಇಳಕೊಂಡು. ಅಕೀ ಹೋದಂಗ."

ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟರು. "ಅಕ್ಕಾ, ಮೊನ್ನೆ ನಿಮ್ಮ ಅಂಗಡಿಯಿಂದ ಪಕ್ಕದ ಅಂಗಡಿಗೆ ಕಾರು ತಗೊಂಡು ಹೋಗಿದ್ದಿ."

"ಬಿಸಿಲಿತ್ತು."

"ಮಾವನವರು ಏನಂದ್ರು?" ಎಂದು ಅಕ್ಕನ ಗಂಡನ ಮಾತೆತ್ತಿದರು.

"ಎಷ್ಟ ದಿನಾ ಅಂತ ಕೇಳಿದ್ರು. ಹದಿನೆಂಟು ದಿನಾ ಅಂದೆ. 'ಬರೇ ಹದಿನೆಂಟ?' ಅಂದ್ರು!"

ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ದನಿ ತಗ್ಗಿಸಿ ಹೇಳಿದರು: "ಅಕೀ ಕಂಡದ್ದನ್ನ ನಾನೂ ಕಂಡು ಬಂದ್ರ, ಅಕೀ ಜೋಡಿ ಮಾತಾಡಾಕ ಏನರ ಸಿಗತೈತಿ. ಈಗ ಏನೂ ಇಲ್ಲ ನೋಡು. ನಿನ್ನೂ ಕರಕೊಂಡು ಹೊಂಟೀನಿ, ಚೀಲಾ ತಗೋ."

ಕೇಳಿದ್ದಲ್ಲ, ಹೇಳಿದ್ದು. ಹೀಗೆ ನಾನು ಸೇರಿದೆ. ಆಸ್ಟಿನ್‌ನ ಗೆಳತಿ ಶೈಲಾ ಸೇರಿದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್, ಹಲ್ಲುಜ್ಜುವುದಕ್ಕೂ ಎಕ್ಸೆಲ್ ಶೀಟ್ ಮಾಡುವವಳು. ನಮ್ಮ ಪಕ್ಕದ ಊರು ಪ್ರಾಸ್ಪರ್‌ನ ಗೀತಾ ಸೇರಿದಳು. ಮೂರು ಜನರ ಮನೆಗೆ ಐದು ಬಾತ್‌ರೂಮು ಇರುವವಳು. ಹಾಸ್ಟೆಲ್ಲಿನಲ್ಲಿ ಹನ್ನೆರಡು ಜನಕ್ಕೆ ಒಂದು ಬಾತ್‌ರೂಮು ಎಂಬ ವಿಷಯವನ್ನು ಟಿಕೆಟ್ ಆಗುವವರೆಗೆ ನಾವು ಅವಳಿಂದ ಮುಚ್ಚಿಟ್ಟೆವು.

ಇನ್ನು ಅಭ್ಯಾಸದ ಕತೆ. ಮೇ ತಿಂಗಳಲ್ಲಿ ಅತ್ತಿಗೆ ನಮ್ಮಲ್ಲಿಗೆ ಬಂದು ಒಂದು ವಾರ ಉಳಿದರು. ಸ್ಟಾಫರ್ಡ್‌ನಲ್ಲಿ ಅಭ್ಯಾಸ ಮಾಡಿದರೆ ಗಿರಾಕಿಗಳು ನೋಡುತ್ತಾರಂತೆ! ಹೊಸ ಚೀಲದೊಳಗೆ ಇಪ್ಪತ್ತು ಪೌಂಡಿನ ಸೋನಾಮಸೂರಿ ಅಕ್ಕಿಯ ಮೂಟೆ ಇಳಿಸಿದರು, ಬೆನ್ನಿಗೇರಿಸಿದರು, ತಲೆಗೆ ಟವೆಲ್ ಸುತ್ತಿದರು, ಬೆಳಿಗ್ಗೆ ಹತ್ತು ಗಂಟೆಗೆ ಹೊರಟರು.

ಅಲೆನ್‌ನಲ್ಲಿ ನಡೆಯುವವರಲ್ಲಿ ಎರಡೇ ಬಗೆ: ನಾಯಿ ಸಾಕಿದವರು ಮತ್ತು ಇಂಡಿಯಾದಿಂದ ಬಂದ ಅಪ್ಪ ಅಮ್ಮಂದಿರು. ಇಬ್ಬರ ಬೆನ್ನ ಮೇಲೂ ಮೂಟೆ ಇರುವುದಿಲ್ಲ. ಯಾರೋ ಕರುಣಾಳು ನೆರೆಯವರು ಫೋನ್ ಮಾಡಿದರೆಂದು ಕಾಣುತ್ತದೆ. ನಾನು ಕುಕ್ಕರ್ ಇಳಿಸಿ ಕಿಟಕಿಯಿಂದ ನೋಡಿದರೆ ರಸ್ತೆಯ ತಿರುವಿನಲ್ಲಿ ಪೊಲೀಸ್ ಕಾರು, ಅದರ ಪಕ್ಕದಲ್ಲಿ ಟವೆಲ್ಲು! ಮನೆ ಚಪ್ಪಲಿಯಲ್ಲೇ ಓಡಿದೆ. ನಾನು ತಲುಪುವಷ್ಟರಲ್ಲಿ ವಿಚಾರಣೆ ಮುಗಿಯುತ್ತ ಬಂದಿತ್ತು.

"ಎಲ್ಲಿಂದ ಬಂದಿರಿ, ಮೇಡಂ?" ಎಂದು ಆ ಅಧಿಕಾರಿ ಬಹಳ ಮೃದುವಾಗಿ ಕೇಳಿದ್ದಾನೆ.

"ಸ್ಟಾಫರ್ಡ್."

"ಎಲ್ಲಿಗೆ ಹೋಗಬೇಕು?"

"ಯುರೋಪ್."

ಪಾಪ, ಅವನ ಸ್ಥಿತಿ ಯೋಚಿಸಿ! ಸ್ಟಾಫರ್ಡ್‌ನಿಂದ ಹೊರಟು, ಅಲೆನ್ ಮಾರ್ಗವಾಗಿ, ಅಕ್ಕಿ ಹೊತ್ತುಕೊಂಡು, ಯುರೋಪಿಗೆ ನಡೆದು ಹೋಗುತ್ತಿರುವ ಹೆಂಗಸು! ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಅವನು ಕೇಳುತ್ತಿರುವಾಗ ನಾನು ಏದುಸಿರು ಬಿಡುತ್ತ ಹಾಜರಾದೆ. ಎಲ್ಲವನ್ನೂ ವಿವರಿಸಿದೆ. ಅವನು ತುಸು ಹೊತ್ತು ಮೂಟೆಯನ್ನೇ ನೋಡಿ, "ಯುರೋಪಿನಲ್ಲೂ ಅಕ್ಕಿ ಸಿಗುತ್ತದೆ ಮೇಡಂ" ಎಂದ.

"ಸೋನಾಮಸೂರಿ ಸಿಗತೈತೇನು ಕೇಳು ಅವಂಗ" ಎಂದರು ಅತ್ತಿಗೆ ನನಗೆ.

ಹೊರಡುವ ದಿನ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು, ವಿಮಾನ ಡಾಲಸ್‌ನಿಂದ. ಒಬ್ಬರಿಗೆ ಒಂದೇ ಚೀಲ, ಏಳು ಕಿಲೋ. ಅದು ಶೈಲಾಳ ಶೀಟಿನ ಮೊದಲನೇ ಸಾಲು. ಅತ್ತಿಗೆಯ ಚೀಲ ತೂಗಿದರೆ ಸರಿಯಾಗಿ ಏಳು. ನಮಗೆಲ್ಲ ಮೆಚ್ಚುಗೆಯಾಯಿತು. ಬಿಚ್ಚಿ ನೋಡಿದರೆ ನಾಲ್ಕು ಬಗೆಯ ಚಟ್ನಿಪುಡಿ, ಅವಲಕ್ಕಿ, ಬೆಲ್ಲ, ಶೇಂಗಾ ಉಂಡೆ.

"ಅಕ್ಕಾ, ಬಟ್ಟೆ ಎಲ್ರೀ?" ಎಂದಳು ಶೈಲಾ.

"ಮೈಮ್ಯಾಲ ಅದಾವಲ್ಲ!" ನೋಡಿದರೆ ಹೌದು. ಒಂದರ ಮೇಲೊಂದು ಮೂರು ಕುರ್ತಾ, ಮೇಲೆ ಸ್ವೆಟರು, ಅದರ ಮೇಲೆ ಕೋಟು, ಹೆಗಲಿಗೆ ಹೊದೆಯಲು ಒಂದು ಹಳೆಯ ಸೀರೆ. ಜೂನ್ ತಿಂಗಳ ಡಾಲಸ್ಸಿನಲ್ಲಿ!

"ರೊಟ್ಟಿ ಯಾಕೆ ಇಟ್ಟಿಲ್ಲ?" ಎಂದು ಗೀತಾ ಆಶ್ಚರ್ಯಪಟ್ಟಳು. ಅತ್ತಿಗೆ ಮುಗುಳ್ನಕ್ಕರು. ಉತ್ತರ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು. ತಪಾಸಣೆಯ ಸಾಲಿನಲ್ಲಿ, ಲ್ಯಾಪ್‌ಟಾಪ್ ಇದ್ದವರು ಹೊರಗೆ ತೆಗೆದು ಬೇರೆ ಟ್ರೇನಲ್ಲಿ ಇಡಿ ಎಂದು ಕೂಗಿದರು. ಅತ್ತಿಗೆ ಚೀಲದ ಹಿಂಬದಿಯ ತೆಳ್ಳನೆಯ ಖಾನೆಯ ಜಿಪ್ ಎಳೆದು, ಪಂಚೆಯಲ್ಲಿ ಸುತ್ತಿದ ಮೂವತ್ತು ಖಡಕ್ ರೊಟ್ಟಿಗಳ ಕಟ್ಟನ್ನು ಭಕ್ತಿಯಿಂದ ಹೊರತೆಗೆದು, ಬೇರೆ ಟ್ರೇನಲ್ಲಿ ಮಲಗಿಸಿದರು. ಲ್ಯಾಪ್‌ಟಾಪ್ ಜಾಗಕ್ಕೆ ರೊಟ್ಟಿ ಎಷ್ಟು ಅಳತೆಯಾಗಿ ಕೂರುತ್ತದೆಂದರೆ, ಆ ಚೀಲ ಹೊಲಿದವನು ಹುಬ್ಬಳ್ಳಿ ಕಡೆಯವನೇ ಇರಬೇಕು! ಯಂತ್ರದ ಮುಂದೆ ಕೂತ ಮಹಾಶಯ ಪರದೆಯನ್ನು ದಿಟ್ಟಿಸಿದ, ಸಹೋದ್ಯೋಗಿಯನ್ನು ಕರೆದ, ಅವಳು ಇನ್ನೊಬ್ಬಳನ್ನು ಕರೆದಳು. ಕಟ್ಟು ಬಿಚ್ಚಿಸಿದರು. ಒಂದು ರೊಟ್ಟಿಯನ್ನು ಕೈಗವಸಿನ ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

"ಒಂದ ಮುರಕೊಂಡ ತಿನ್ನಾಕ ಹೇಳು" ಎಂದು ಅತ್ತಿಗೆ ನನ್ನ ತಿವಿದರು.

ಊರುಗಳ ವರ್ಣನೆ ನನ್ನಿಂದಾಗದು. ಮೊದಲನೆಯ ದಿನವೇ ಅತ್ತಿಗೆ ಒಂದು ಕ್ರಮ ಹಾಕಿಕೊಂಡರು: ಊರು ಮುಟ್ಟಿದ ಕೂಡಲೇ ಅನುವಿಗೆ ಒಂದು ಫೋಟೋ, ಒಂದು ಧ್ವನಿ ಸಂದೇಶ. "ಅನೂ, ಇಲ್ಲಿ ಎಲ್ಲಾರೂ ಸೈಕಲ್ ಮ್ಯಾಲ ಅದಾರವಾ. ನೀ ಬಂದಾಗೂ ಇದ್ರೇನು?" ಮಧ್ಯಾಹ್ನ, ಟೆಕ್ಸಸ್ಸಿನಲ್ಲಿ ಬೆಳಗಾದ ಮೇಲೆ, ಉತ್ತರ ಬರುತ್ತಿತ್ತು. ಹೆಬ್ಬೆರಳು. ಬ್ರಸೆಲ್ಸ್: ಹೆಬ್ಬೆರಳು. ಪ್ಯಾರಿಸ್: ಹೆಬ್ಬೆರಳು. ಅತ್ತಿಗೆ ಕನ್ನಡಕ ಏರಿಸಿ ನೋಡಿ, "ಬಂತು" ಎಂದು ಫೋನು ಚೀಲಕ್ಕೆ ಹಾಕುತ್ತಿದ್ದರು. ಶೈಲಾ ಮತ್ತು ಗೀತಾ ಆಗ ಆಚೆ ನೋಡುತ್ತಿದ್ದರು. ಇಬ್ಬರಿಗೂ ವಿಷಯ ಗೊತ್ತಿತ್ತು.

ಪ್ಯಾರಿಸ್ಸಿನ ಡಬ್ಬಿಯ ಪ್ರಸಂಗ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬ್ರೆಜಿಲ್ಲಿನ ಹುಡುಗಿಯೊಬ್ಬಳು ಬರೀ ಉಪ್ಪು ಹಾಕಿದ ಪಾಸ್ತಾ ತಿನ್ನುತ್ತಿದ್ದಳು. ಅತ್ತಿಗೆಗೆ ಕರುಳು ಚುರುಕ್ ಎಂದಿತು. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟರು. ಹುಡುಗಿ ಕಣ್ಣಲ್ಲಿ ನೀರು ಸುರಿಸಿಕೊಂಡು ಖಾಲಿ ಮಾಡಿದಳು. ಸಂಜೆ ಡಬ್ಬಿಯನ್ನು ಥಳಥಳ ತೊಳೆದು, ಒರೆಸಿ, ತಂದುಕೊಟ್ಟಳು. ಅತ್ತಿಗೆ ಮುಚ್ಚಳ ತೆಗೆದು ನೋಡಿದರು. ಮುಖ ಇಳಿಯಿತು.

"ಖಾಲಿ ಡಬ್ಬಿ ಕೊಟ್ಟಾಳಲ್ಲ!"

"ಅಕ್ಕಾ, ಅವರಲ್ಲಿ ಹಾಗೇ ಕೊಡೋದು. ಅವಳಿಗೇನು ಗೊತ್ತು?" ಎಂದಳು ಗೀತಾ.

"ಗೊತ್ತಿಲ್ಲಂದ್ರ ಹೇಳಬೇಕು. ನಾಳೆ ಅತ್ತೀಮನಿಗೆ ಹೋಗೋ ಹುಡುಗಿ!" ಎಂದವರೇ ಹೋಗಿ ಪಾಠ ಮಾಡಿದರು: "ಡೋಂಟ್ ಗಿವ್ ಎಂಪ್ಟಿ. ಪುಟ್ ಸಂಥಿಂಗ್. ಶುಗರ್ ಆಲ್ಸೋ ಓಕೆ."

ಮರುದಿನ ಬೆಳಿಗ್ಗೆ ಡಬ್ಬಿಯಲ್ಲಿ ಯಾವುದೋ ಕಾಫಿ ಅಂಗಡಿಯ ನಾಲ್ಕು ಸಕ್ಕರೆ ಪೊಟ್ಟಣ ಬಂತು. ಅತ್ತಿಗೆಗೆ ಆದ ಆನಂದ ಆ ಊರಿನ ಗೋಪುರ ನೋಡಿ ಆಗಿರಲಿಲ್ಲ! ಮತ್ತೆ ಚಟ್ನಿಪುಡಿ ತುಂಬಿ ಅದನ್ನು ಇನ್ನೊಬ್ಬರಿಗೆ ದಾಟಿಸಿದರು. ಸುದ್ದಿ ಹಬ್ಬಿತು. ನಾವು ಹೊರಡುವಷ್ಟರಲ್ಲಿ ಆ ಡಬ್ಬಿ ಎರಡು ಬೆಳ್ಳುಳ್ಳಿ ಎಸಳು, ಒಂದು ಚಾಕಲೇಟು, ಬಳಸದ ಮೆಟ್ರೋ ಟಿಕೆಟ್ಟು ಹೊತ್ತು ತಂದಿತ್ತು. ಮೂರನೇ ಮಹಡಿಯ ಒಬ್ಬ ಒಂದು ಬೇಯಿಸಿದ ಮೊಟ್ಟೆ ಇಟ್ಟು ಕೊಟ್ಟಿದ್ದ. ಅತ್ತಿಗೆ ಮೊಟ್ಟೆಯನ್ನು ಮುಟ್ಟದೆ, ಡಬ್ಬಿಯನ್ನೂ ಬಿಡದೆ ಅರ್ಧ ಗಂಟೆ ಒದ್ದಾಡಿದರು.

ವೆನಿಸ್ಸಿನ ಅರ್ಜಿಯ ವಿಷಯ ಆಗಲೇ ಹೇಳಿದೆ. ವಿಯೆನ್ನಾದಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಹೆಬ್ಬೆರಳಿನ ಪಕ್ಕದಲ್ಲಿ ಒಂದು ಶಬ್ದ ಬಂದಿತ್ತು: ನೈಸ್.

ಅತ್ತಿಗೆ ಟ್ರಾಮ್ ನಿಲ್ದಾಣದಲ್ಲಿ ನಿಂತು ಅದನ್ನು ನನ್ನಿಂದ ಮೂರು ಸಲ ಓದಿಸಿದರು. "ಯಾವ ದನಿಯೊಳಗ ಅಂದಿರಬೇಕು?"

"ಅಂದರೆ?"

"ಹಂಗಲ್ಲ. 'ನೈಸ್' ಅಂತ ಖುಷಿಲೆ ಅಂದಾಳೋ, 'ನೈಸ್' ಅಂತ ಸುಮ್ನ ಅಂದಾಳೋ?"

ನಾಲ್ವರೂ ಒಬ್ಬೊಬ್ಬರಾಗಿ ಬೇರೆ ಬೇರೆ ದನಿಯಲ್ಲಿ "ನೈಸ್" ಎಂದು ಹೇಳಿ ನೋಡಿದೆವು. ಟ್ರಾಮ್ ಬಂದು ಹೋಯಿತು. ಇತ್ಯರ್ಥವಾಗಲಿಲ್ಲ.

ಆರನೆಯ ಊರು ಪ್ರಾಗ್. ಅಲ್ಲಿ ಶೈಲಾಳ ಎಕ್ಸೆಲ್ ಶೀಟು ಕೈಕೊಟ್ಟಿತು. ಹಾಸ್ಟೆಲ್ಲಿನ ಮೇಜಿನ ಹಿಂದೆ ಕೂತಿದ್ದವಳು ಕಂಪ್ಯೂಟರ್ ನೋಡಿ, ಆರು ಮಂಚದ ಕೋಣೆ, ಹೆಂಗಸರದ್ದಲ್ಲ, ಎಲ್ಲರಿಗೂ ಸೇರಿದ್ದು, ಎರಡು ಮಂಚದಲ್ಲಿ ಆಗಲೇ ಇಬ್ಬರು ಹುಡುಗರಿದ್ದಾರೆ ಎಂದಳು. ಶೈಲಾ ಹಣೆ ಬಡಿದುಕೊಂಡಳು. "ಅಯ್ಯೋ! ಹೆಂಗಸರ ಕೋಣೆ ಅಂತ ಆ ಒಂದು ಟಿಕ್ ಹಾಕೋದು ಮರೆತಿದೀನಿ ಕಣ್ರೇ!" ಬೇರೆ ಕೋಣೆ ಇಲ್ಲ. ಅದ್ಯಾವುದೋ ಓಟದ ಸ್ಪರ್ಧೆಯಂತೆ, ಇಡೀ ಊರೇ ಭರ್ತಿ.

ನಾವು ಮೂವರೂ ಅತ್ತಿಗೆಯ ಮುಖ ನೋಡಿದೆವು. ಮೂರು ವರ್ಷದ ಹಿಂದೆ ಸೌಟು ಹಿಡಿದು ಕೇಳಿದ ಪ್ರಶ್ನೆ ಈಗ ತಾನೇ ಬೆನ್ನಿಗೆ ಚೀಲ ಹಾಕಿಕೊಂಡು ಅವರೆದುರು ಬಂದು ನಿಂತಿತ್ತು.

"ಕೀಲಿ ಹಾಕಾಕ ಬರತೈತೇನು ಕೇಳು."

ಬರುತ್ತದೆ, ಆರು ಮಂದಿಗೂ ಒಂದೊಂದು ಕೀಲಿಕೈ ಕೊಡುತ್ತೇವೆ ಎಂದಳು ಆಕೆ.

"ಆರೂ ಮಂದಿಗೆ ಕೊಟ್ಟ ಮ್ಯಾಲೆ ಅದು ಕೀಲಿ ಹ್ಯಾಂಗ ಆಗತೈತಿ?"

ಆದರೂ ಒಳಗೆ ಹೋದೆವು. ಹುಡುಗರು ಹೊರಗೆ ಹೋಗಿದ್ದರು. ಅತ್ತಿಗೆ ಕೂಡಲೇ ಯುದ್ಧದ ಏರ್ಪಾಟಿಗೆ ತೊಡಗಿದರು. ಹೊದೆಯಲು ತಂದಿದ್ದ ಹಳೆಯ ಇಳಕಲ್ ಸೀರೆಯನ್ನು ಮೇಲಿನ ಮಂಚಕ್ಕೆ ಸಿಕ್ಕಿಸಿ ಪರದೆ ಮಾಡಿದರು. ಗೀತಾ ಸ್ವಚ್ಛತೆಯ ಸ್ಪ್ರೇ ಹೊಡೆದು ಆ ಕಡೆಯ ಎರಡು ಮಂಚಗಳಿಗೂ ಈ ಕಡೆಗೂ ನಡುವೆ ಗಡಿ ಎಳೆದಳು. "ನೀವು ಮಲಗ್ರಿ. ನಾ ಎಚ್ಚರ ಇರತೇನಿ" ಎಂದು ಅತ್ತಿಗೆ ಸ್ಟೀಲಿನ ನೀರಿನ ಬಾಟಲಿಯನ್ನು ಗದೆಯಂತೆ ಹಿಡಿದು ಕೂತರು. ನಾವು ನಂಬಿ ಮಲಗಿದೆವು.

ಬೆಳಿಗ್ಗೆ ಏಳಕ್ಕೆ ಎದ್ದು ನೋಡುತ್ತೇನೆ: ಆ ಕಡೆಯ ಎರಡೂ ಮಂಚ ಖಾಲಿ. ಬರೀ ಖಾಲಿಯಲ್ಲ, ಹಾಸಿಗೆಗಳೇ ಇಲ್ಲ! ಅತ್ತಿಗೆ ಬಾಟಲಿಯನ್ನು ಎದೆಗವಚಿಕೊಂಡು ಕೂತಲ್ಲೇ ಒರಗಿ, ಗಾಢ ನಿದ್ರೆಯಲ್ಲಿದ್ದರು. ಬಾಗಿಲು ತೆರೆದರೆ ಕಾರಿಡಾರಿನಲ್ಲಿ ಎರಡು ಹಾಸಿಗೆ, ಅವುಗಳ ಮೇಲೆ ಎರಡು ಉದ್ದನೆಯ ಹುಡುಗರು, ಕಿವಿಗೆ ದಿಂಬು ಒತ್ತಿಕೊಂಡು.

ಒಬ್ಬ ಎಚ್ಚರಗೊಂಡು ಗಡಬಡಿಸಿ ಎದ್ದ. ಕ್ಷಮೆ ಬೇರೆ ಕೇಳಿದ! ನಿಮಗೆ ತೊಂದರೆಯಾಗಲಿಲ್ಲ ತಾನೆ, ಒಳಗೆ ಸ್ವಲ್ಪ ಸದ್ದಿತ್ತು, ಅದಕ್ಕೆ ಇಲ್ಲಿ ಮಲಗಿದೆವು ಎಂದ. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಗೀತಾ ಗೋಡೆ ಹಿಡಿದು ನಗತೊಡಗಿದಳು.

"ಅಕ್ಕಾ! ಏಳ್ರೀ ಮೇಲೆ! ನಿಮ್ಮ ಗೊರಕೆಗೆ ಹೆದರಿ ಹುಡುಗರು ಮನೆ ಬಿಟ್ಟು ಓಡಿಹೋಗಿದ್ದಾರೆ!"

ಹೊಟ್ಟೆ ನೋಯುವಷ್ಟು ನಕ್ಕೆವು. ಅತ್ತಿಗೆಯೂ ನಕ್ಕರು. ಆಮೇಲೆ ಆ ಹುಡುಗರಿಬ್ಬರನ್ನೂ ಅಡುಗೆಮನೆಗೆ ಎಳೆದೊಯ್ದು ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟು, ನನ್ನನ್ನು ದುಭಾಷಿ ಮಾಡಿಕೊಂಡು ವಿಚಾರಣೆ ಶುರುಮಾಡಿದರು. ಯಾವ ಊರು? ಏನು ಓದು? ಹೀಗೆ ತಿರುಗುವುದು ನಿಮ್ಮ ಅವ್ವನಿಗೆ ಗೊತ್ತೈತೇನು?

ಗೊತ್ತು, ದಿನವೂ ಸಂಜೆ ಫೋಟೋ ಕಳಿಸುತ್ತೇನೆ ಎಂದ ಅವರಲ್ಲೊಬ್ಬ.

"ಎಲ್ಲಾ ಫೋಟೋ ನೋಡತಾಳೇನು?"

ಹುಡುಗ ನಕ್ಕ. ಎಲ್ಲವನ್ನೂ ನೋಡುತ್ತಾಳೆ, ಅರ್ಧಕ್ಕೆ ಬೇಸರ ಬರುತ್ತದೆ ಅವಳಿಗೆ, ಆದರೂ ನೋಡುತ್ತಾಳೆ ಎಂದ.

ನಾನು ಅನುವಾದಿಸಿದೆ. ಅತ್ತಿಗೆ ಅವನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿ, ಕೈ ತೊಳೆದು, ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಆರು ಮಂಚ, ಸೀರೆಯ ಪರದೆ, ಒಳಗೆ ತಂದಿಟ್ಟ ಎರಡು ಹಾಸಿಗೆ ಎಲ್ಲವೂ ಬರುವಂತೆ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದರು. ಫೋನನ್ನು ಬಾಯಿಯ ಹತ್ತಿರ ಹಿಡಿದರು. ಯಾವಾಗಲೂ ನಾಲ್ಕು ನಿಮಿಷ ಮಾತಾಡುವವರು ಅವತ್ತು ಹೇಳಿದ್ದು ಇಷ್ಟೇ.

"ಅನೂ. ನಾನೂ ಇಲ್ಲೇ ಮಲಗಿದ್ದೆವಾ. ಅವತ್ತ ಎಲ್ಲಾರ ಮುಂದ ನಾ ಹಂಗ ಕೇಳಬಾರದಿತ್ತು. ನಂದು ತಪ್ಪಾತು."

ಇಪ್ಪತ್ತಾರು ವರ್ಷದಿಂದ ನಾನು ಆ ಮನೆಯ ಸೊಸೆ. ಆ ಕೊನೆಯ ಎರಡು ಶಬ್ದಗಳನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಗ ಟೆಕ್ಸಸ್ಸಿನಲ್ಲಿ ನಡುರಾತ್ರಿ ದಾಟಿತ್ತು. ಉತ್ತರ ಬರುವಂತಿರಲಿಲ್ಲ. ಹಳೆಯ ಸೇತುವೆಯ ಮೇಲೆ ನಡೆದೆವು, ಊರ ನಡುವಿನ ಹಳೆಯ ಗಡಿಯಾರ ನೋಡಿದೆವು, ಅತ್ತಿಗೆ ಯಾವುದರ ಬಗ್ಗೆಯೂ ದೂರು ಹೇಳಲಿಲ್ಲ. ಅದೇ ನಮಗೆ ಭಯ. ಎರಡು ಗಂಟೆಗೆ, ಅಂದರೆ ಆಸ್ಟಿನ್‌ನಲ್ಲಿ ಬೆಳಿಗ್ಗೆ ಏಳಕ್ಕೆ, ಸಂದೇಶದ ಕೆಳಗಿನ ಟಿಕ್ ಗುರುತುಗಳು ನೀಲಿ ಬಣ್ಣಕ್ಕೆ ತಿರುಗಿದವು. ಕೇಳಿಸಿಕೊಂಡಿದ್ದಾಳೆ. ಎರಡೂಕಾಲು. ಎರಡೂವರೆ. ಹೆಬ್ಬೆರಳೂ ಇಲ್ಲ.

"ಕೆಲಸಕ್ಕೆ ಹೊರಟಿರ್ತಾಳೆ ಅಕ್ಕಾ, ಟ್ರಾಫಿಕ್‌ನಲ್ಲಿ ಇರ್ತಾಳೆ" ಎಂದಳು ಶೈಲಾ. "ಅಲ್ಲಿ ಆ ಹೊತ್ತಿಗೆ ಕಾರು ಅಲ್ಲಾಡೋದೇ ಇಲ್ಲ."

"ಹೂಂ" ಎಂದರು ಅತ್ತಿಗೆ.

ಮೂರೂ ನಲವತ್ತಕ್ಕೆ ಬರ್ಲಿನ್ ರೈಲು. ಮೂರಕ್ಕೆ ಹಾಸ್ಟೆಲ್ಲಿನ ಬಾಗಿಲಲ್ಲಿ ನಾಲ್ವರೂ ಚೀಲ ಏರಿಸಿಕೊಂಡು ನಿಂತಾಗ ಅತ್ತಿಗೆಯ ಕೋಟಿನ ಜೇಬಿನಲ್ಲಿ ಫೋನು ಕುಣಿಯಿತು. ಸಂದೇಶವಲ್ಲ. ಕರೆ. ಅತ್ತಿಗೆ ಫೋನನ್ನು ಕೈಯಲ್ಲಿ ಹಿಡಿದು, ಅದು ಬಡಿದುಕೊಳ್ಳುವುದನ್ನೇ ನೋಡುತ್ತ ನಿಂತುಬಿಟ್ಟರು. "ಎತ್ರೀ ಅಕ್ಕಾ!" ಎಂದು ಶೈಲಾ ಕಿರುಚಿದಳು.

ಎತ್ತಿದರು. "ಅನೂ" ಎಂದರು. ಆ ಕಡೆಯಿಂದ ಹುಡುಗಿಯ ದನಿ ಸಣ್ಣಗೆ, ಬಿಡುವಿಲ್ಲದೆ, ಇಂಗ್ಲಿಷಿನಲ್ಲಿ ಹರಿಯತೊಡಗಿತು. ಅತ್ತಿಗೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. "ಹ್ಞೂಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಹ್ಞೂಂ" ಎಂದರು. ಕಣ್ಣಿಂದ ಇಳಿದದ್ದನ್ನು ಕೋಟಿನ ತೋಳಿಗೆ ಒರೆಸಿಕೊಂಡರು.

ನಾನು ಬಗ್ಗಿ ನೋಡಿದೆ. ಬ್ಯಾಟರಿ ಮೂರು ಪರ್ಸೆಂಟ್! ನನ್ನ ಚೀಲ ಕೆಡವಿ ಚಾರ್ಜರು ಹುಡುಕಿದೆ. ಗೀತಾ ಪ್ಲಗ್ ಹುಡುಕಲು ಓಡಿದಳು. ಇಡೀ ಹಜಾರದಲ್ಲಿ ಸಿಕ್ಕಿದ್ದು ಒಂದೇ, ಅದೂ ಎಲ್ಲರೂ ಶೂ ಬಿಡುವ ಗೂಡಿನ ಕೆಳಗೆ, ನೆಲದ ಹತ್ತಿರ. ವೈರು ಗಿಡ್ಡ. ಅತ್ತಿಗೆ ಫೋನು ಕಿವಿಯಿಂದ ತೆಗೆಯದೆ, ಬೆನ್ನಿನ ಚೀಲವನ್ನೂ ಇಳಿಸದೆ, ಯಾವ ಯಾವ ದೇಶದವರದೋ ಒದ್ದೆ ಶೂಗಳ ನಡುವೆ ನೆಲಕ್ಕೆ ಕೂತರು. ಗೀತಾ ತನ್ನ ಸ್ಪ್ರೇ ಬಾಟಲಿಯನ್ನು ಮುಟ್ಟಲೂ ಇಲ್ಲ.

ಮೂರೂ ಇಪ್ಪತ್ತು. ಮೂರೂವರೆ. ಶೈಲಾ ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡಿದಳು. ಅದನ್ನು ಕಂಡ ಅತ್ತಿಗೆ ಅಂಗೈಯಿಂದ ಫೋನು ಮುಚ್ಚಿ, ಪಿಸುಮಾತಿನಲ್ಲಿ ಹೇಳಿದರು:

"ಇನ್ನೂ ಎರಡನೇ ಊರಿಗೆ ಬಂದಾಳ. ನೀವು ಹೋಗಿ ಚಾ ಕುಡದ ಬರ್ರಿ."

ಅನು ಹೋಗಿದ್ದದ್ದು ಹನ್ನೊಂದು ಊರಿಗೆ. ಶೈಲಾ ಬೆನ್ನಿನ ಚೀಲ ಇಳಿಸಿದಳು.